ಹಿಮ್ಮೇಳದ ಹಿಂದೆ ನಿಂತವರು

ನನ್ನ ಪಿಎಚ್‌ಡಿ ಮಾರ್ಗದರ್ಶಕರು ಪ್ರಬಂಧದ ಅಧ್ಯಾಯವನ್ನು ಮೂರನೇ ಸಲ ಹಿಂತಿರುಗಿಸಿದ್ದು ಆಗಸ್ಟ್‌ನ ಒಂದು ಸೋಮವಾರ. ಮಣಿಪಾಲದ ತಮ್ಮ ಕೋಣೆಯಲ್ಲಿ ಅವರು ನನಗೆ ಕೂರಲೂ ಹೇಳಲಿಲ್ಲ.

ನನ್ನ ವಿಷಯ ಕರಾವಳಿಯ ಹಳೆಯ ರಂಗಭೂಮಿ. ಹರಕೆ ಹೊತ್ತ ಮನೆಯವರು ಗದ್ದೆಯಲ್ಲಿ ಆಡಿಸುತ್ತಿದ್ದ ಯಕ್ಷಗಾನವನ್ನು ಯಾರು ಎಲ್ಲಿಂದ ನೋಡುತ್ತಿದ್ದರು ಎಂದು ವಿಚಾರಿಸುತ್ತಿದ್ದೆ. ಆಟಕ್ಕೆ ಊರೆಲ್ಲ ಒಂದಾಗುತ್ತಿತ್ತು ಎಂಬ ಸಾಲು ಅವರಿಗೆ ಬೇಕಿತ್ತು. ನಾನು ಬರೆದಿದ್ದು ಕಾಪುವಿನ ನನ್ನ ಅಜ್ಜಿ ಹೇಳಿದ್ದನ್ನು. ನಮ್ಮ ಜಾತಿಯವರು ರಂಗದ ಎದುರು ಕೂರುವಂತಿರಲಿಲ್ಲ. ಭಾಗವತರು, ಮದ್ದಳೆಯವರು ಕೂರುವ ಹಿಮ್ಮೇಳದ ಹಿಂದೆ ನಿಂತು ನೋಡಬೇಕಿತ್ತು. ಅಜ್ಜಿ ನೋಡಿದ್ದು ರಾಜವೇಷದ ಬೆನ್ನನ್ನು.

"ಅಜ್ಜಿಯ ಮಾತು ಆಧಾರ ಅಲ್ಲ ಮಾರಾಯ್ತಿ."

"ಮತ್ತೆ ಯಾರದ್ದು ಸರ್?"

"ಆಟ ಆಡಿಸಿದವರದ್ದು. ಕಾರ್ಕಳದಲ್ಲಿ ನನ್ನ ಮಾವನ ಮನೆ ಉಂಟು. ಅವರ ಹತ್ತಿರ ಕೇಳು. ಅಜ್ಜಿಕಥೆ ತೆಗೆಯದಿದ್ದರೆ ನನ್ನ ಸಹಿ ಇಲ್ಲ."

ಸೆಪ್ಟೆಂಬರ್ ಕೊನೆಯೊಳಗೆ ಅವರ ಸಹಿ ಬೀಳದಿದ್ದರೆ ನನಗೆ ಒಂದು ವರ್ಷ ನಷ್ಟ. ಆ ಶನಿವಾರ ಅವರ ಜೊತೆ ಅವರದೇ ಕಾರಿನಲ್ಲಿ ಕಾರ್ಕಳಕ್ಕೆ ಹೋದೆ.

ಮಾವನವರು ಚಾವಡಿಯಲ್ಲಿ ಕೂತಿದ್ದರು. "ಎಂತ ಬೇಕಾದ್ರೂ ಕೇಳು ಮಗಾ. ಜಾತಿಗೀತಿ ಮಾತ್ರ ನಮ್ಮಲ್ಲಿ ಇರ್ಲಿಲ್ಲ, ಬರ್ಕೋ."

ಬರೆದುಕೊಂಡೆ. ಫೋನಿನಲ್ಲಿ ರೆಕಾರ್ಡ್ ಕೂಡ ಆಗುತ್ತಿತ್ತು. ರಂಗಸ್ಥಳ ಹೇಗೆ ಕಟ್ಟುತ್ತಿದ್ದಿರಿ ಎಂದಷ್ಟೇ ಕೇಳಿದೆ. ಮುದುಕರಿಗೆ ಉತ್ಸಾಹ ಬಂತು.

"ಬೇರೆ ಮನೆಯವರು ಹಿಮ್ಮೇಳದ ಹಿಂದೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸ್ತಿದ್ರು, ಆಚೆಯವರಿಗೆ ಕಾಣದ ಹಾಗೆ. ನನ್ನ ಅಪ್ಪ ಬಿಚ್ಚಿಸಿದ್ರು. ಹಿಂದೆ ನಿಂತವರೂ ನೋಡ್ಲಿ, ಪಾಪ, ಅಂತ. ಯಾರಿಗುಂಟು ಅಂಥ ಮನಸ್ಸು?"

"ಅವರು ಎದುರು ಬರಬಹುದಿತ್ತಲ್ವಾ?"

"ಎದುರು ಹೇಗೆ ಬರ್ತಾರೆ? ಎದುರು ನಾವು ಕೂತಿದ್ದೇವಲ್ಲ!"

ಮಾರ್ಗದರ್ಶಕರು ಕಾಫಿ ಲೋಟ ಕೆಳಗಿಟ್ಟು, ಹೊತ್ತಾಯಿತು ಎಂದು ಎದ್ದರು. ಕಾರು ಹಿರಿಯಡಕ ದಾಟಿದ ಮೇಲೆ ಹೇಳಿದರು:

"ರೆಕಾರ್ಡ್ ಮಾಡಿದ್ದನ್ನು ಅಳಿಸು. ಮುದುಕರು, ಎಂತದೋ ಹೇಳ್ತಾರೆ."

"ಆಧಾರ ಅವರೇ ಅಂದಿದ್ರಲ್ಲ ಸರ್."

"ನನ್ನ ಹೆಂಡತಿಯ ಮನೆ ಅದು!"

"ಹಿಂದೆ ನಿಂತದ್ದು ನನ್ನ ಅಜ್ಜಿ."

ಪರ್ಕಳದಲ್ಲಿ ಕಾರು ನಿಲ್ಲಿಸಿ, "ಇಳಿ" ಎಂದರು. ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದೆ. ಬಸ್ಸಿನಲ್ಲಿ ಬಂದೆ.

ಮುದುಕರ ಮಾತನ್ನು ಒಂದಕ್ಷರ ಬಿಡದೆ ಅಧ್ಯಾಯಕ್ಕೆ ಸೇರಿಸಿದೆ. ಮಾರ್ಗದರ್ಶಕರು ಸಹಿ ಹಾಕಲಿಲ್ಲ. ವರ್ಷ ಹೋಯಿತು, ನನಗೆ ಬೇರೆ ಮಾರ್ಗದರ್ಶಕರು ಸಿಕ್ಕರು. ಈಗ ಕಾರಿಡಾರಿನಲ್ಲಿ ಹಳಬರು ಎದುರಾದರೆ ನಾನು ದಾರಿ ಬಿಡುವುದಿಲ್ಲ. ಅವರೇ ಗೋಡೆಯ ಕಡೆ ಸರಿಯುತ್ತಾರೆ.

ಅಜ್ಜಿಗೆ ಇದೊಂದೂ ಹಿಡಿಸಲಿಲ್ಲ. "ಎರಡು ಸಾಲಿಗೆ ಒಂದು ವರ್ಷ ಕಳೆದೆಯಾ? ಮರುಳು ನಿನಗೆ" ಎಂದು ಬೈದಳು. ಅಧ್ಯಾಯದಲ್ಲಿ ಎರಡೂ ಸಾಲುಗಳು ಅಕ್ಕಪಕ್ಕದಲ್ಲೇ ಇವೆ, ಅವಳದ್ದು ಮೊದಲು, ಆಮೇಲೆ ಕಾರ್ಕಳದ ಮುದುಕರದ್ದು, ಆ "ಪಾಪ"ವನ್ನೂ ಬಿಡದೆ.