ಅವನಿಗೆ ಗೊತ್ತಿಲ್ಲದ ಭಾಷೆ

ಗೋಡೆ ಗಡಿಯಾರ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಸೋಮವಾರ. ನನ್ನ ಮೊಣಕೈ ತಗುಲಿ ಏಲಕ್ಕಿಯ ಮಾದರಿ ತಟ್ಟೆ ಕೆಳಗೆ ಬಿತ್ತು. ಕಾಯಿಗಳು ನೆಲದ ತುಂಬ ಉರುಳಿದವು. ಎದುರು ಮೇಜಿನವನು ಎದ್ದು ಬಂದು, ಬಾಗಿ ಆರಿಸತೊಡಗಿದ. ಅವನ ದೊಗಲೆ ಅಂಗಿ ಮೇಲಕ್ಕೆ ಸರಿಯಿತು. ಬಲ ಸೊಂಟದಲ್ಲಿ, ಪ್ಯಾಂಟಿನ ಪಟ್ಟಿಯೊಳಗೆ, ಕಪ್ಪು ಹಿಡಿಯೊಂದು ಕಂಡಿತು. ಮೊಬೈಲಿನ ಚೀಲ ಅಂದುಕೊಂಡೆ. ಆದರೆ ಅವನು ಥಟ್ಟನೆ ನೆಟ್ಟಗಾಗಿ, ಅಂಗಿ ಎಳೆದುಕೊಂಡು, ನಾನು ಎಷ್ಟು ನೋಡಿದೆ ಎಂದು ಅಳೆಯುವಂತೆ ನನ್ನ ಮುಖ ನೋಡಿದ. ಆಗ ಅದು ಏನೆಂದು ಗೊತ್ತಾಯಿತು.

ನಮ್ಮ ಕಚೇರಿ ತೇನಿಯಲ್ಲಿ, ಕಂಬಂ ರಸ್ತೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿತ್ತು. ಏಲಕ್ಕಿ, ಮೆಣಸು ಕೊಂಡು ಹೊರಗೆ ಕಳಿಸುವ ವ್ಯಾಪಾರ. ಮಾಲೀಕರು ಕುಮಳಿಯ ಗೋದಾಮಿನಲ್ಲೇ ಇರುತ್ತಿದ್ದರು. ಶುಕ್ರವಾರ ಮಾತ್ರ ಬಂದು ಕರ್ಪೂರ ಬೆಳಗಿ ಹೋಗುತ್ತಿದ್ದರು. ಉಳಿದ ದಿನ ನಾವು ಮೂವರೇ. ಪೆರಿಯಕುಳಂನಿಂದ ಬರುವ ನಾನು. ಕೊಂಬೈನಿಂದ ಬರುವ, ನನಗಿಂತ ಹದಿನೈದು ವರ್ಷ ದೊಡ್ಡವರಾದ ಅಕ್ಕ. ಎರಡು ತಿಂಗಳ ಹಿಂದೆ ದಿಂಡುಗಲ್‌ನಿಂದ ಬಂದು ಸೇರಿದ ಅವನು. ಮಾಲೀಕರ ಸ್ನೇಹಿತರೊಬ್ಬರು ಹೇಳಿ ಕಳಿಸಿದವನು.

ಕಚೇರಿಯಲ್ಲಿ ತಮಿಳು. ಅಕ್ಕನಿಗೂ ನನಗೂ ಮನೆಮಾತು ಕನ್ನಡ; ನಮ್ಮ ಹಿರಿಯರು ಎಂದೋ ಈ ತಮಿಳು ಸೀಮೆಗೆ ಬಂದು ನೆಲೆಸಿದವರು. ಬೇರೆಯವರ ಕಿವಿಗೆ ಬೀಳಬಾರದ್ದನ್ನು ಅವರ ಎದುರೇ ಕನ್ನಡದಲ್ಲಿ ಆಡುವುದು ನಮ್ಮ ಜನಕ್ಕೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಬಟ್ಟೆ ಅಂಗಡಿಯಲ್ಲಿ ಬೆಲೆ ಜಾಸ್ತಿ ಎನ್ನಲು, ಬಸ್ಸಿನಲ್ಲಿ ಪಕ್ಕದವಳ ಸೀರೆಯನ್ನು ಆಡಿಕೊಳ್ಳಲು, ಡಾಕ್ಟರ ಮುಂದೆ ಕೂತೇ ಈ ಡಾಕ್ಟರು ಸರಿಯಿಲ್ಲ ಎನ್ನಲು. ಯಾರೂ ತಿರುಗಿ ನೋಡುವುದಿಲ್ಲ. ಅವತ್ತೂ ಹಾಗೇ ಮಾಡಿದೆ.

"ಅಕ್ಕ, ಅವನ ಸೊಂಟದಾಗೆ ಏನೋ ಐತೆ."

"ಏನೈತೆ? ವಡೆ ಪೊಟ್ಟಣವಾ?"

"ತುಪ್ಪಾಕಿ."

ಅಕ್ಕ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಇವನ ತಾವಾ? ಮೊನ್ನೆ ಜಿರಲೆ ಕಂಡು ಕುರ್ಚಿ ಮೇಲೆ ಅತ್ತಿ ನಿಂತಿದ್ನಲ್ಲ, ಇವನಾ?"

ನನಗೆ ನಗು ಬಂತು. ಅವನು ಮೂರು ಮಾರು ದೂರದಲ್ಲಿ ಕೂತು ಬಿಲ್ಲು ಟೈಪು ಮಾಡುತ್ತಿದ್ದ. ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ.

ಒಮ್ಮೆ ಕಂಡ ಮೇಲೆ ಬೇರೇನೂ ಕಾಣದಂತಾಯಿತು. ಸೆಕೆಯಲ್ಲೂ ಅಂಗಿಯನ್ನು ಅವನು ಹೊರಗೇ ಬಿಟ್ಟಿರುತ್ತಿದ್ದ. ಬಾಗಿಲು ಸದ್ದಾದಾಗಲೆಲ್ಲ ಬಲ ಮೊಣಕೈ ಸೊಂಟವನ್ನೊಮ್ಮೆ ಮುಟ್ಟಿ ಬರುತ್ತಿತ್ತು. ಕೊರಿಯರ್‌ನವನು ಬಂದರೂ ಅಷ್ಟೇ, ನೀರಿನ ಕ್ಯಾನ್ ತರುವವನು ಬಂದರೂ ಅಷ್ಟೇ. ಬುಧವಾರದ ಹೊತ್ತಿಗೆ ಅಕ್ಕನ ನಗೆಯೂ ನಿಂತಿತ್ತು.

"ಬಾಗ್ಲು ಕಡೆ ಮೊಕ ಮಾಡ್ಕೊಂಡೇ ಕುಂತವ್ನೆ ನೋಡು," ಎಂದರು ಕ್ಯಾಲ್ಕುಲೇಟರ್ ಒತ್ತುತ್ತ. "ಯಾರ್ನೋ ಕಾಯ್ತಾವ್ನೆ. ಅವ್ರು ಬಂದ್ರೆ ನಡುವೆ ಇರೋರು ನಾವು ತಂಗಿ."

"ಪೋನ್ ಮಾಡಿ ಏಳಾನ?"

"ಪೋನಲ್ಲಿ ಬ್ಯಾಡ. ಮೊದಲಾಳಿ ಸುಕ್ರವಾರ ಬತ್ತಾರಲ್ಲ. ಪೂಜೆ ಮುಗೀಲಿ, ನಾನೇ ಏಳ್ತೀನಿ."

ಇದೆಲ್ಲ ಅವನ ಎದುರೇ, ಲೆಕ್ಕ ಒಪ್ಪಿಸುವವರ ದನಿಯಲ್ಲಿ.

ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಅಕ್ಕ ಕೆಳಗಿನಿಂದ ತಂದ ಟೀಯನ್ನು ಲೋಟಕ್ಕೆ ಬಗ್ಗಿಸಿ, ಎಂದಿನಂತೆ ಅವನ ಮೇಜಿಗೂ ಒಂದು ಇಡಲು ಹೋದರು. ಹಿಂದಿನಿಂದ ಹೋದರು. ಬರಿಗಾಲು, ಚಪ್ಪಲಿ ನಾವು ಬಾಗಿಲಾಚೆಯೇ ಬಿಡುತ್ತಿದ್ದೆವು. ಲೋಟ ಮೇಜಿಗೆ ತಾಗಿ ಟಕ್ ಎಂದಿತು.

ಅವನು ತಿರುಗಿದ್ದು ನನಗೆ ಕಾಣಲಿಲ್ಲ. ತಿರುಗಿ ಆಗಿತ್ತು. ಪಿಸ್ತೂಲಿನ ತುದಿ ಅಕ್ಕನ ಹೊಟ್ಟೆಯ ಸೆರಗಿಗೆ ತಾಗುವಷ್ಟು ಹತ್ತಿರ. ಟೀ ಮೇಜಿನ ಮೇಲಿಂದ ಅವನ ತೊಡೆಗೆ ಸುರಿಯುತ್ತಿತ್ತು; ಅವನಿಗೆ ಅದರ ಪರಿವೆಯಿರಲಿಲ್ಲ. ಗಾಬರಿಯಲ್ಲಿ ಅಕ್ಕನ ಬಾಯಿಂದ ತಮಿಳು ಬರಲಿಲ್ಲ.

"ಬ್ಯಾಡ ಮಗ. ಎರಡು ಮಕ್ಕ ಅವೆ ನಂಗೆ. ಬ್ಯಾಡಪ್ಪ."

ಅವನು ಕಣ್ಣು ಮಿಟುಕಿಸಿದ. ಕೈ ಇಳಿಯಿತು. ಆಮೇಲೆ ತಡವರಿಸುತ್ತ, ಆಡಿ ರೂಢಿಯಿಲ್ಲದ ನಾಲಿಗೆಯಲ್ಲಿ ಹೇಳಿದ:

"ನೀವಾ ಅಕ್ಕ. ಬಯ ಆಗೋಯ್ತು." ಮತ್ತೆ, "ನಾಳೆ ಮೊದಲಾಳಿ ತಾವ ಏಳಬ್ಯಾಡಿ."

ಕನ್ನಡ. ನಮ್ಮದೇ ಕನ್ನಡ.

ಅವನ ತಾಯಿ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದ ಮನೆಯವರೆಂದು ಆಮೇಲೆ ತಿಳಿಯಿತು. ತಂದೆಯ ಊರಿನಲ್ಲಿ ತಮಿಳಾಡಿ ಬೆಳೆದವನು. ತಾಯಿಯ ಮಾತು ಆಡಲು ಬಾರದಿದ್ದರೂ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ನಮ್ಮ ಈಗಿನ ಹುಡುಗರಲ್ಲಿ ಅರ್ಧ ಜನ ಹಾಗೇ ಇದ್ದಾರೆ. ನನ್ನ ತಮ್ಮನೇ ಹಾಗಿದ್ದಾನೆ. ಆದರೂ ನಮಗೆ ಹೊಳೆದಿರಲಿಲ್ಲ.

ನಾನು ಏನೂ ಯೋಚಿಸದೆ ಎದ್ದು, ಬರಿಗಾಲಲ್ಲೇ ಮೆಟ್ಟಿಲಿಳಿದು, ಟೀ ಅಂಗಡಿಯ ಹಿಂದೆ ನಿಂತು ಮಾಲೀಕರಿಗೆ ಫೋನ್ ಮಾಡಿದೆ. ಅವರು ಪೊಲೀಸರಿಗೆ ಮಾಡಿದರು. ಇಪ್ಪತ್ತು ನಿಮಿಷ ಅಕ್ಕ ಅವನೊಂದಿಗೆ ಮೇಲೆ ಒಬ್ಬರೇ ಇದ್ದರು. ಅವರನ್ನು ಬಿಟ್ಟು ಬಂದೆ ಎಂಬುದು ಆ ಇಪ್ಪತ್ತು ನಿಮಿಷವೂ ನನಗೆ ಗೊತ್ತಿತ್ತು. ಆದರೂ ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ಪೊಲೀಸರ ಹಿಂದೆ ಹೋದಾಗ ಅವನು ತನ್ನ ಕುರ್ಚಿಯಲ್ಲೇ ಕೂತಿದ್ದ. ಪಿಸ್ತೂಲು ಏಲಕ್ಕಿ ತಟ್ಟೆಯಲ್ಲಿತ್ತು. ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ಕರೆದೊಯ್ಯುವಾಗ ಅವನು ನನ್ನ ಮುಂದೆ ನಿಂತ.

"ನೀನಾ ತಂಗಿ ಏಳಿದ್ದು?"

ಕೋಪವೋ ನೋವೋ ತಿಳಿಯಲಿಲ್ಲ. ಈಗಲೂ ತಿಳಿಯದು.

ದಾಯಾದಿಗಳ ಜಗಳವಂತೆ. ದೊಡ್ಡಪ್ಪನ ಮಕ್ಕಳು ಕೊಲ್ಲುತ್ತೇವೆ ಎಂದಿದ್ದರಂತೆ. ಪಿಸ್ತೂಲಿಗೆ ಲೈಸೆನ್ಸ್ ಇರಲಿಲ್ಲ. ಕೆಲವು ವಾರಗಳಲ್ಲಿ ಜಾಮೀನಿನ ಮೇಲೆ ಬಿಟ್ಟರು. ನನ್ನ ನಿದ್ದೆ ನಿಜವಾಗಿ ಕೆಟ್ಟದ್ದು ಆ ಸುದ್ದಿ ಬಂದ ಮೇಲೆ. ಎರಡು ತಿಂಗಳು ಅವನೆದುರು ಕೂತು ನಾವು ಏನೇನು ಆಡಿದ್ದೆವು ಎಂದು ನೆನಪು ಮಾಡಿಕೊಳ್ಳತೊಡಗಿದೆ. ಅಕ್ಕನ ಗಂಡ ಲಾರಿ ತೆಗೆದುಕೊಂಡು ಕೊಚ್ಚಿಗೆ ಹೋಗುವ ದಿನಗಳು. ಅವರ ಮನೆಯ ಬೀಗದ ಕೈ ಇಡುವ ಜಾಗ. ನಾನು ಹತ್ತುವ ಬಸ್ಸು, ಮಾವಿನ ತೋಪಿನ ಪಕ್ಕ ಒಬ್ಬಳೇ ನಡೆಯುವ ದಾರಿ. ನಾವೇ ಬಾಯಾರೆ ಹೇಳಿದ್ದೆವು. ಅಕ್ಕ ಬೀಗ ಬದಲಾಯಿಸಿದರು; ನಾನು ಬಸ್ಸು ಬದಲಾಯಿಸಿದೆ. ಕಚೇರಿಯಲ್ಲಿ ಇಬ್ಬರೇ ಇದ್ದರೂ ತಮಿಳಿನಲ್ಲೇ ಮಾತು, ಅದೂ ಏಲಕ್ಕಿಯ ಬಗ್ಗೆ ಮಾತ್ರ. ಬಿಟ್ಟು ಹೋದೆ ಎಂದು ಅಕ್ಕ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಒಂದು ಭಾನುವಾರ ಅಕ್ಕ ಕೊಂಬೈಗೆ ಬರಹೇಳಿದರು. ಹೋದಾಗ ಹಜಾರದಲ್ಲಿ ಅವನ ತಾಯಿ ಕೂತಿದ್ದರು. ಜೊತೆಗೆ ಒಂದು ಬುಟ್ಟಿ ದ್ರಾಕ್ಷಿ. ಅಕ್ಕ ಅದನ್ನು ಒಳಗೆ ತೆಗೆದಿಟ್ಟಿರಲಿಲ್ಲ.

"ಕೋರ್ಟಲ್ಲಿ ನಿನ್ನ ಕೂಗ್ತಾರೆ ತಂಗಿ," ಎಂದರು ಆಕೆ. "ಸರಿಯಾಗಿ ನೋಡ್ಲಿಲ್ಲ ಅಂತ ಏಳ್ತೀಯಾ? ಒಬ್ಬನೇ ಮಗ."

ಅಕ್ಕ ನನ್ನನ್ನೇ ನೋಡುತ್ತಿದ್ದರು.

"ನೋಡ್ದೆ ಅತ್ತೆ," ಎಂದೆ. "ಅಕ್ಕನ ಒಟ್ಟೆ ಮೇಲೆ ಇಟ್ಟಿದ್ದ. ನೋಡ್ದೆ ಅಂತಾನೇ ಏಳ್ತೀನಿ."

ಅಕ್ಕನ ಎದುರು ತಿಂಗಳುಗಳ ಮೇಲೆ ಆಡಿದ ಕನ್ನಡ ಅದು. ಆಕೆ ದ್ರಾಕ್ಷಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸೆರಿ. ಅವನೂ ಅಂಗೇ ಅಂದ. ಓಗಬ್ಯಾಡ, ಆ ಉಡ್ಗಿ ಸುಳ್ಳು ಏಳಾಕಿಲ್ಲ ಅಂದ. ನಾನೇ ಮನಸ್ಸು ತಡೀದೆ ಬಂದೆ."

ಅಕ್ಕ ಎದ್ದು ಕಾಫಿ ಕಾಸಲು ಹೋದರು. ಒಳಗಿನಿಂದ ಕೂಗಿದರು: "ತಂಗೀ, ಬಾ ಇಲ್ಲಿ, ಲೋಟ ತೊಳಿ. ಸುಮ್ಕೆ ಕುಂತವ್ಳೆ ದೊರೆಸಾನಿ."

ಆ ರಾತ್ರಿ ಮಲಗಿದವಳಿಗೆ ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಎದ್ದಾಗ ಸೋಮವಾರ ಬೆಳಗಿನ ಎಂಟು ಗಂಟೆ. ಬಸ್ಸು ಯಾವಾಗಲೋ ಹೋಗಿತ್ತು.