ಹಯಗ್ರೀವನಿಗೆ ಬೇಕಿದ್ದ ಅಲುಗದ ಸ್ಟಾಕ್

ಸಿಂಗಪುರದಲ್ಲಿ ಬಂದೂಕು ಹಿಡಿಯುವ ಕನ್ನಡಿಗ ನನಗೆ ಗೊತ್ತಿದ್ದವನು ಒಬ್ಬನೇ, ಹಯಗ್ರೀವ. ಐವತ್ತು ದಾಟಿದ, ದಪ್ಪ ಕನ್ನಡಕದ, ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವ ಮನುಷ್ಯ. ಪಾಸಿರ್ ಪಂಜಾಂಗಿನ ಬಂದರಿನಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕೆಂದು ಹೇಳುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ಅವನ ಕೆಲಸ. ಅಷ್ಟೊಂದು ಪೆಟ್ಟಿಗೆಗಳಿಗೆ ಜಾಗ ಕೊಟ್ಟವನಿಗೆ ತನ್ನದೆಂಬ ಜಾಗ ಎಲ್ಲೂ ಸಿಕ್ಕಿರಲಿಲ್ಲ. ಶಾಲೆಯ ಕಬಡ್ಡಿಯಲ್ಲಿ, ಕಾಲೇಜಿನ ಕ್ರಿಕೆಟ್ಟಿನಲ್ಲಿ ಅವನು ಸದಾ ಹೆಚ್ಚುವರಿ ಆಟಗಾರ. ನಮ್ಮ ಕನ್ನಡದವರ ನಾಟಕದಲ್ಲೂ ಪರದೆ ಎಳೆಯುವುದೇ ಅವನ ಪಾಲಿಗೆ ಬಂತು. ಮುಖ್ಯ ಪಾತ್ರ ನನ್ನದಾಗಿತ್ತು. ಪರದೆ ಸಕಾಲಕ್ಕೆ ಬಿತ್ತೆಂದು ಜನ ಇಂದಿಗೂ ಹೊಗಳುತ್ತಾರೆ.

ಇಂಥವನು ಪ್ರತಿ ಶನಿವಾರ ಶೂಟಿಂಗ್ ಕ್ಲಬ್ಬಿಗೆ ಹೋಗಿ ಕಾರ್ಬೈನ್ ಅಭ್ಯಾಸ ಮಾಡುತ್ತಿದ್ದ. ಪಿಸ್ತೂಲಿನ ಗುಂಡನ್ನೇ ಹಾರಿಸುವ ಗಿಡ್ಡ ಬಂದೂಕು ಅದು. ಕ್ಲಬ್ಬಿನದು, ಕ್ಲಬ್ಬಿನಲ್ಲೇ ಬೀಗದೊಳಗೆ ಇರುವಂಥದ್ದು. ಮನೆಗೆ ತರುವ ಮಾತೇ ಇಲ್ಲ. ಆಶ್ಚರ್ಯವೆಂದರೆ ಅವನ ಗುರಿ ಚೆನ್ನಾಗಿತ್ತು. ಬ್ಯಾಂಕಾಕಿನ ಪಂದ್ಯಕ್ಕೆ ಹೋಗುವ ಹಿರಿಯರ ತಂಡದಲ್ಲಿ ಒಂದು ಜಾಗ ಖಾಲಿಯಾಗಿ, ಮುಂದಿನ ತಿಂಗಳ ಆಯ್ಕೆಗೆ ಅವನನ್ನೂ ಕರೆದಿದ್ದರು. ಆ ಒಂದು ಜಾಗ ಸಿಕ್ಕಿಬಿಟ್ಟರೆ ಬದುಕಿನಲ್ಲಿ ಬೇರೇನೂ ಕೇಳುವುದಿಲ್ಲವೆಂದು ಅವನು ಗಂಭೀರವಾಗಿಯೇ ಹೇಳುತ್ತಿದ್ದ.

ಅಡ್ಡ ಬಂದದ್ದು ಕನ್ನಡಕ. ದೂರದ್ದಕ್ಕೆ ಮೇಲೆ, ಓದುವುದಕ್ಕೆ ಕೆಳಗೆ ಎಂದು ಬೇರೆ ಬೇರೆ ನೋಟವಿರುವ ಗಾಜು. ಕೆನ್ನೆ ಪ್ರತಿಸಲವೂ ಬಂದೂಕಿನ ಅದೇ ಜಾಗಕ್ಕೆ ಒರಗಿದರೆ ಗುರಿ ಒಂದು. ಚೂರು ಸರಿದರೆ ಎರಡು. ಕ್ಲಬ್ಬಿನ ಕಾರ್ಬೈನಿನಲ್ಲಿ ಭುಜಕ್ಕೆ ಒರಗುವ ಹಿಂಭಾಗ, ಅಂದರೆ ಸ್ಟಾಕ್, ಹಿಂದೆ ಮುಂದೆ ಜಾರುವಂಥದ್ದು. ಎಲ್ಲರೂ ಜಾರಿಸಿ ಜಾರಿಸಿ ಅದು ಸಡಿಲವಾಗಿತ್ತು, ಗುಂಡು ಹಾರಿದಾಗಲೆಲ್ಲ ಅಲುಗುತ್ತಿತ್ತು. ಹಯಗ್ರೀವನಿಗೆ ಬೇಕಾದದ್ದು ಜಾರದ, ಮಡಚದ, ಗಟ್ಟಿಯಾಗಿ ಕೂತುಬಿಡುವ ಸ್ಟಾಕ್. ಪರವಾನಗಿ ಇರುವ ವ್ಯಾಪಾರಿಯ ಮೂಲಕ ತರಿಸಿ, ಅನುಮತಿ ಬಂದ ಮೇಲೆ ಹಾಕಿಕೊಡುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದರು. ಅನುಮತಿ ಬರುವುದರೊಳಗೆ ಆಯ್ಕೆ ಮುಗಿದಿರುತ್ತಿತ್ತು. ಹಾಗಾಗಿ ಕ್ಲಬ್ಬಿಗೆ ತಿಳಿಸದೆ ತಾನೇ ತರಿಸಿಕೊಳ್ಳಲು ಹೊರಟ.

ಒಂದು ಭಾನುವಾರ ಯಿಶುನ್‌ನ ಅವನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಹೂ ಕಟ್ಟುವ ದಾರದ ತುಂಡೊಂದು, ಪಕ್ಕದಲ್ಲಿ ಸ್ಕೇಲು.

“ಬನ್ರೀ, ಕರೆಕ್ಟ್ ಟೈಮ್‌ಗೆ ಬಂದ್ರಿ. ನೀವು ಎನ್‌ಸಿಸಿಲಿ ಇದ್ರಲ್ವಾ?”

“ಇದ್ದೆ. ಪರೇಡ್ ಆದ್ಮೇಲೆ ಉಪ್ಪಿಟ್ಟು ಕೊಡ್ತಿದ್ರು.”

“ಅಷ್ಟು ಎಕ್ಸ್‌ಪೀರಿಯೆನ್ಸ್ ಸಾಕು, ಕೂತ್ಕೊಳ್ಳಿ.”

ಬಂದೂಕಿನ ಹಿಂದೆ ಒಂದು ಕೊಳವೆ, ಅದರ ಮೇಲೆ ಸ್ಟಾಕ್ ಕೂರುತ್ತದೆ. ಕೊಳವೆಗಳಲ್ಲಿ ಎರಡು ಅಳತೆ, ನಡುವೆ ವ್ಯತ್ಯಾಸ ಅರ್ಧ ಮಿಲಿಮೀಟರು. ಅಳತೆ ತಪ್ಪಿದರೆ ಸ್ಟಾಕ್ ಅದರ ಮೇಲೆ ಏರುವುದಿಲ್ಲ, ಏರಿದರೂ ಕುಣಿಯುತ್ತದೆ. ಹಯಗ್ರೀವ ಹಿಂದಿನ ದಿನ ಜೇಬಿನಲ್ಲಿ ಹೂವಿನ ದಾರ ಇಟ್ಟುಕೊಂಡು ಹೋಗಿ, ಕೊಳವೆಗೆ ಸುತ್ತಿ, ಪೆನ್ನಿನಲ್ಲಿ ಗುರುತು ಮಾಡಿ ತಂದಿದ್ದ. ಸುತ್ತಳತೆಯಿಂದ ವ್ಯಾಸ ತೆಗೆದು, “ದೊಡ್ಡ ಸೈಜು” ಎಂದು ತೀರ್ಪು ಕೊಟ್ಟ. ನಾನೂ ಫೋನಿನಲ್ಲಿ ಭಾಗಿಸಿ ನೋಡಿ ತಲೆಯಾಡಿಸಿದೆ. ಇಬ್ಬರು ಇಂಜಿನಿಯರುಗಳು ಒಪ್ಪಿದ ಮೇಲೆ ಮಾತೇನಿದೆ?

“ಅಲ್ಲಾ, ಕ್ಲಬ್‌ನೋರನ್ನೇ ಕೇಳಿದ್ರೆ ಸೈಜ್ ಹೇಳಲ್ವಾ?” ಅವನ ಹೆಂಡತಿ ಶಾಮಲಾ ಅಡುಗೆಮನೆಯಿಂದ ಕೇಳಿದರು.

“ಕೇಳಿದ್ರೆ ಯಾಕೆ ಅಂತಾರೆ ಕಣೇ.”

“ಗನ್ನಿಗೆ ಮಲ್ಲಿಗೆ ದಾರ ಸುತ್ಕೊಂಡ್ ಬಂದಿದಾರೆ. ನನ್ ಜಡೆಗೆ ಒಂದಿನ ಸುತ್ಲಿಲ್ಲ ಪುಣ್ಯಾತ್ಮ.”

ಇನ್ನು ತರಿಸುವುದು. ಇಲ್ಲಿಯ ಕನ್ನಡಿಗರಿಗೆ ಅಂಚೆ, ಕೊರಿಯರ್ ಎಂಬುವು ಇದ್ದೂ ಇಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ “ಯಾರಾದ್ರೂ ಬರ್ತಿದೀರಾ?” ಎಂದು ಹಾಕಿದರೆ ಮುಗಿಯಿತು. ಗೊಜ್ಜವಲಕ್ಕಿ ಪುಡಿ, ಕುಕ್ಕರಿನ ಗ್ಯಾಸ್ಕೆಟ್, ಮಾವನವರ ಹಲ್ಲಿನ ಸೆಟ್ಟು, ಎಲ್ಲವೂ ಯಾರದೋ ಪೆಟ್ಟಿಗೆಯ ಬಟ್ಟೆಗಳ ನಡುವೆ ಬಂದಿಳಿಯುತ್ತವೆ. ಬರುವವರ ಕೈಯಲ್ಲಿ ಬಂದದ್ದು ಆಮದು ಎಂದು ನಮಗ್ಯಾರಿಗೂ ಅನ್ನಿಸಿದ್ದಿಲ್ಲ. ಶಾಮಲಾರ ತಮ್ಮ ಅನಂತರಾಮ್ ಡಲ್ಲಾಸಿನಿಂದ ಬೆಂಗಳೂರಿಗೆ, ನಾದಿನಿಯ ಮದುವೆಗೆ ಹೊರಟಿದ್ದ. ದಾರಿಯಲ್ಲಿ ಅಕ್ಕನ ಮನೆಯಲ್ಲಿ ಎರಡು ದಿನ.

“ಭಾವ, ಪ್ರಾಬ್ಲಮ್ ಏನೂ ಆಗಲ್ಲ ತಾನೆ?” ಎಂದ ಅವನು, ವೀಡಿಯೋ ಕರೆಯಲ್ಲಿ.

“ಪ್ಲಾಸ್ಟಿಕ್ ಕಣೋ ಅದು. ಗುಂಡಿಲ್ಲ, ನಳಿಕೆ ಇಲ್ಲ, ಏನಿಲ್ಲ. ನಿಮ್ಮಕ್ಕಂಗೆ ತರೋ ಬಾದಾಮಿ ಜೊತೆ ಹಾಕ್ಕೊಂಡ್ ಬಾ.”

ಚಾಂಗಿ ನಿಲ್ದಾಣಕ್ಕೆ ನನ್ನ ಕಾರಿನಲ್ಲೇ ಹೋದೆವು. ವಿಮಾನದವರೆಲ್ಲ ಹೊರಬಂದರು, ಅನಂತರಾಮ್ ಮಾತ್ರ ಇಲ್ಲ. ಕೊನೆಗೆ ಹಯಗ್ರೀವನ ಫೋನು ಹೊಡೆದುಕೊಂಡಿತು.

“ಭಾವ, ಸ್ಕ್ಯಾನ್‌ನಲ್ಲಿ ಹಿಡಿದ್ರು. ಯಾರದ್ದು ಅಂತ ಕೇಳ್ತಿದಾರೆ. ಏನ್ ಹೇಳ್ಲಿ?”

“ನಂದು ಅಂತ ಹೇಳು. ಇಲ್ಲೇ ಹೊರಗಿದೀನಿ ಅಂತಾನೂ ಹೇಳು.”

ಅಷ್ಟು ಬೇಗ ಅವನು ಯಾವುದಕ್ಕೂ ಉತ್ತರ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಧಿಕಾರಿಯೊಬ್ಬ ಬಂದು ಅವನನ್ನು ಒಳಗೆ ಕರೆದ. ನಾನೂ ಬರಲೇ ಎಂದೆ, ಬರಬೇಡಿ ಎನ್ನಲಿ ಎಂಬ ದನಿಯಲ್ಲಿ.

“ನೀವ್ಯಾಕ್ರೀ? ಉಪ್ಪಿಟ್ಟು ಕೊಡಲ್ಲ ಅಲ್ಲಿ,” ಎಂದು ಹೋದ.

ಇಲ್ಲಿ ಬಂದೂಕಿನ ಬಿಡಿಭಾಗಕ್ಕೂ ಅನುಮತಿ ಬೇಕು, ಪ್ಲಾಸ್ಟಿಕ್ಕಾದರೂ. ವಾರಗಟ್ಟಲೆ ವಿಚಾರಣೆ ನಡೆಯಿತು. ಅನಂತರಾಮನ ಪಾಸ್‌ಪೋರ್ಟು ಅವರ ಬಳಿಯೇ ಉಳಿದು, ನಾದಿನಿಯ ಮದುವೆಯನ್ನು ಅವನು ಯಿಶುನ್‌ನಲ್ಲಿ ಕೂತು ಫೋನಿನಲ್ಲಿ ನೋಡಿದ. ಆಮೇಲೆ ಹೋದವನು ಅಕ್ಕನಿಗೆ ಒಂದು ಮೆಸೇಜನ್ನೂ ಹಾಕಿಲ್ಲ. ಹಯಗ್ರೀವನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಕ್ಲಬ್ಬು ಸದಸ್ಯತ್ವ ರದ್ದು ಮಾಡಿತು, ಮತ್ತೆ ಅರ್ಜಿ ಹಾಕುವಂತಿಲ್ಲ ಎಂದಿತು. ಬ್ಯಾಂಕಾಕಿನ ಜಾಗಕ್ಕೆ ಇನ್ಯಾರೋ ಹೋದರು.

ವಿಚಾರಣೆಯವರು ಆ ಸ್ಟಾಕನ್ನು ಕ್ಲಬ್ಬಿನ ಕಾರ್ಬೈನಿಗೆ ಹಾಕಿಯೂ ನೋಡಿದ್ದರಂತೆ. ಸಲೀಸಾಗಿ ಹೋಯಿತು, ಹಳೆಯದಕ್ಕಿಂತ ಜೋರಾಗಿ ಅಲುಗಿತು.

“ದಾರದ ದಪ್ಪ ಕಳೀಲಿಲ್ಲ ರೀ ನಾವು,” ಎಂದ ಹಯಗ್ರೀವ. ‘ನಾವು’ ಎಂದದ್ದು ಅವನ ದೊಡ್ಡತನ.

ಮೊನ್ನೆ ಶಾಮಲಾ ಫೋನ್ ಮಾಡಿದ್ದರು. “ಶನಿವಾರ ಬಂದ್ರೆ ಸಾಕು, ಬೆಳಗ್ಗೆನೇ ಶೂ ಹಾಕ್ಕೊಂಡು ಸೋಫಾ ಮೇಲೆ ಕೂತಿರ್ತಾರೆ. ಎಲ್ಲಾದ್ರೂ ಕರ್ಕೊಂಡ್ ಹೋಗಿ ಇವರ್ನ.” ಲಿಟಲ್ ಇಂಡಿಯಾಗೆ ಕರೆದುಕೊಂಡು ಹೋದೆ. ಮಸಾಲೆದೋಸೆ ತಿಂದೆವು. ನಾನೇ ತಿಂದೆ ಅನ್ನಬೇಕು.

“ಬೇರೆ ಏನಾದ್ರೂ ಹಿಡೀರಿ. ಬ್ಯಾಡ್ಮಿಂಟನ್, ಕೇರಮ್ಮು...”

“ಇಷ್ಟ್ ವರ್ಷಕ್ಕೆ ಕೈಗೆ ಬಂದಿದ್ದು ಅದೊಂದೇ ರೀ. ಇನ್ನೊಂದು ಬರೋಷ್ಟು ವಯಸ್ಸಿಲ್ಲ.”

ಮುಂದಿನ ಶನಿವಾರವೂ ಬರುತ್ತೇನೆ ಎಂದೆ.

“ಬನ್ನಿ,” ಎಂದ. “ನಾನೆಲ್ಲಿಗ್ ಹೋಗ್ತೀನಿ.”