ಮಾಬೂಬಿಗೆ ಮುಟ್ಟಿಸದ ಮಾತು

ಅಕ್ಕೋರು ಹೇಳಿಕಳಿಸಿದ ಮಾತನ್ನು ನಾನು ಮಾಬೂಬಿಗೆ ಹೇಳಲಿಲ್ಲ. ಮರೆತಿರಲಿಲ್ಲ — ಬೇಕೆಂದೇ ಹೇಳಲಿಲ್ಲ. ಅವಳಾಗಿಯೇ ಬಂದು ಕೇಳಿದಾಗಲೂ ಇಲ್ಲವೆಂದೆ.

ದೊಡವಾಡದಲ್ಲಿ ನಮ್ಮ ಮನೆ ಬಸ್ಸು ನಿಲ್ಲುವ ಜಾಗದ ಎದುರಿಗೇ ಇದೆ. ಒಂದನೆಯ, ಎರಡನೆಯ ತರಗತಿಗೆ ಕಲಿಸುತ್ತಿದ್ದ ಅಕ್ಕೋರು — ನಮ್ಮ ಕಡೆ ಟೀಚರನ್ನು ಹಾಗೆಯೇ ಕರೆಯುವುದು — ದಿನಾ ಬೈಲಹೊಂಗಲದಿಂದ ಬಂದು ಹೋಗುತ್ತಿದ್ದರು. ಸಂಜೆಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದು ಅಪರೂಪ. ಅದು ಬರುವ ತನಕ ನಮ್ಮ ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ, ಯಾವ ಮಗು ಏನು ಕಲಿಯಿತು ಎಂದು ಹೇಳುವರು. ಓಣಿಯ ತಾಯಂದಿರು ಹಗಲೆಲ್ಲ ಹೊಲದಲ್ಲಿರುತ್ತಿದ್ದರು. ಚೀಟಿ ಬರೆದು ಕಳಿಸಿದರೆ ಓದುವವರಿಲ್ಲ. "ಗಂಗಕ್ಕಾ, ನೀವು ಏಳನೇ ತನಕ ಕಲ್ತೀರಿ. ನಿಮ್ಮ ಬಾಯಿಲೆ ಹೇಳ್ರಿ ಅವ್ರಿಗೆ, ನಿಮ್ಮ ಮಾತು ನಂಬ್ತಾರ," ಎಂದು ಅಕ್ಕೋರು ಒಮ್ಮೆ ಅಂದರು.

ಹೌದು, ನಂಬುತ್ತಿದ್ದರು.

ಹಿಟ್ಟಿನ ಗಿರಣಿಯ ಮುಂದೆ, ನಳದ ಹತ್ತಿರ, ಎಲ್ಲಿ ಸಿಕ್ಕರೆ ಅಲ್ಲಿ ಹೇಳುತ್ತಿದ್ದೆ. "ನಿನ್ನ ಮಗಗ ಇಪ್ಪತ್ತರ ತನಕ ಎಣಸಾಕ ಬರ್ತೈತಂತ. ಇವತ್ತ ರೊಟ್ಟಿ ಎಣಸು ಅನ್ನು."

"ಎಣಸ್ತಾನ್ರಿ ಯಕ್ಕಾ, ಎಣಿಸಿ ತಾನs ತಿಂದು ಮುಗಸ್ತಾನ. ಆಮ್ಯಾಲೆ ಸೊನ್ನಿ ಕಲಸ್ಯಾರೇನ್ ಕೇಳ್ರಿ!"

ಆ ನಗು, ಆ ಮಾತು — ಶಿವ ನನ್ನ ಪಾಲಿಗೆ ಕೊಟ್ಟ ಸಣ್ಣ ಸಣ್ಣ ಸುಖಗಳಲ್ಲಿ ಅದೂ ಒಂದು. ಗಂಡನ ಮನೆಗೆ ಬಂದ ಮೇಲೆ, ನಾನು ಕಲಿತ ನಾಲ್ಕಕ್ಷರ ಯಾರಿಗಾದರೂ ಬೇಕಾದದ್ದು ಅದೇ ಮೊದಲು.

ಮಾಬೂಬಿ ಪಕ್ಕದ ಮನೆಯಾಕೆ. ಗಂಡ ಟೆಂಪೋ ಓಡಿಸುತ್ತಿದ್ದ; ಇವಳು ಹತ್ತಿ ಒಡೆಯುವ ಕಾಲಕ್ಕೆ ಬಿಡಿಸಲು ಹೋಗುವಳು. ಅವಳ ಮಗಳು ಶಮಶಾದ್ ಮತ್ತು ನನ್ನ ಮಗಳು ಸುಮಾ ಎರಡನೆಯ ತರಗತಿಯಲ್ಲಿ ಒಟ್ಟಿಗೇ ಕೂರುತ್ತಿದ್ದರು. ನಾನು ತಂದ ಸುದ್ದಿಯನ್ನು ಮನೆಯಲ್ಲಿ ಪರೀಕ್ಷಿಸಿ ನೋಡುವವಳು ಮಾಬೂಬಿ ಒಬ್ಬಳೇ. ಕೂಡಿಸಿ ಓದಲು ಬಂತಂತೆ ಎಂದರೆ ಸಾಕು, ಚಹಾಪುಡಿಯ ಪೊಟ್ಟಣ ಹಿಡಿದು ಮಗಳಿಗೆ "ಓದು" ಎನ್ನುವಳು. ಓದಿದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯದು. ಅಲ್ಲಿಂದಲೇ ಕೂಗುವಳು — "ಯಕ್ಕಾ, ಬರೋಬ್ಬರಿ ಐತೇನ್ರಿ?"

ಬರೋಬ್ಬರಿಯೇ ಇರುತ್ತಿತ್ತು. ನನ್ನ ಸುಮಾ ಇನ್ನೂ ಕಾಗುಣಿತದಲ್ಲೇ ಎಡವುತ್ತಿದ್ದಳು. ಓದು ಬಲ್ಲ ತಾಯಿಯ ಮಗಳು ಹಿಂದೆ, ಅಕ್ಷರ ಅರಿಯದವಳ ಮಗಳು ಮುಂದೆ... ಛೇ, ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಒಂದು ಶುಕ್ರವಾರ ಅಕ್ಕೋರು ಹೇಳಿದರು, "ನಾಳೆ ಮುಂಜಾನೆ ಹುಡುಗೂರು ಓದೂದು ಕೇಳಾಕ ತಾಯಂದ್ರು ಬರ್ಲಿ. ಶಮಶಾದ್ ಒಂದು ಪೂರಾ ಕತಿ ಓದ್ತಾಳ. ಮಾಬೂಬಿಗೆ ಮಾತ್ರ ಮರೀಲಾರದ ಹೇಳ್ರಿ." ಸುಮಾಳ ಬಗ್ಗೆ ಕೇಳಿದೆ. "ಕಲೀತಾಳ್ರಿ, ಅವಸರ ಮಾಡಬ್ಯಾಡ್ರಿ," ಎಂದು ಬಸ್ಸು ಹತ್ತಿದರು.

ಉಳಿದ ಮನೆಗಳಿಗೆಲ್ಲ ಹೋಗಿ ಹೇಳಿ ಬಂದೆ. ದೀಪ ಹಚ್ಚುವ ಹೊತ್ತಿಗೆ ಮಾಬೂಬಿಯೇ ಬಂದಳು. "ಹುಡುಗಿ ನಾಳೆ ಸಾಲಿಗೆ ಬಾ ಅಂತ ಜೀವಾ ತಿನ್ನಾಕ ಹತ್ತೈತ್ರಿ. ಅಕ್ಕೋರು ಏನರ ಅಂದಾರೇನ್ರಿ? ಅಂದಿದ್ರ ನಾಳೆ ಹತ್ತಿ ಬಿಡಸಾಕ ಹೋಗೂದಿಲ್ಲ."

ನಾನು ಅಂದೆ, "ಹಂಗೇನಿಲ್ಲ ಬಿಡು. ಹುಡುಗೂರು ಹಾಡು ಹೇಳ್ತಾವಂತ ಅಷ್ಟ. ನೀ ಯಾಕ ಕೆಲಸಾ ಬಿಡ್ತಿ?"

ಹೆತ್ತ ಮಗಳ ಮಾತಿಗಿಂತ ನನ್ನ ಮಾತು ಅವಳಿಗೆ ಹೆಚ್ಚಾಯಿತು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಳು.

ಶಮಶಾದ್ ಓದಿದಳು. ಒಂದೊಂದು ಸಾಲು ಮುಗಿದಾಗಲೂ ತಲೆಯೆತ್ತಿ ಬಾಗಿಲು ನೋಡುತ್ತಿದ್ದಳು — ಮತ್ತೆ ಬೆರಳಿಟ್ಟು ಸಾಲು ಹುಡುಕಿಕೊಳ್ಳುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಹುಡುಗಿ ನೇರ ನನ್ನ ಹತ್ತಿರ ಬಂದು, "ದೊಡ್ಡವ್ವಾ, ನಮ್ಮ ಅಮ್ಮಿ ಯಾಕ ಬರ್ಲಿಲ್ರಿ?" ಎಂದಳು.

"ಹತ್ತಿ ಬಿಡಸಾಕ ಹೋಗ್ಯಾಳವಾ."

ಹೇಳಿದ್ದು ನಿಜವೇ. ಆದರೆ ಅಂಥ ಸುಳ್ಳನ್ನು ನನ್ನ ಜನ್ಮದಲ್ಲಿ ನಾನು ಬೇರೆ ಆಡಿಲ್ಲ.

ಸಂಜೆ ಯಾರೋ ಹೇಳಿರಬೇಕು, ಮಾಬೂಬಿ ತಲೆಗೆ ಕಟ್ಟಿದ ಅರಿವೆಯನ್ನೂ ಬಿಚ್ಚದೆ ಓಡಿ ಬಂದಳು. ಜಗಳಕ್ಕೇ ಬಂದಳೆಂದುಕೊಂಡೆ. "ಭಾಳ ಛಲೋ ಓದಿದ್ಲಂತಲ್ರಿ ಯಕ್ಕಾ! ಇರ್ಲಿ ಬಿಡ್ರಿ, ನನ್ನ ಬದ್ಲಿ ನೀವರ ಕೇಳಿದ್ರಿ," ಎಂದು ನನ್ನ ಕೈ ಹಿಡಿದುಕೊಂಡಳು. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ... "ಚಹಾ ಕುಡೀತಿಯೇನ?" ಎಂದೆ.

ಈಗ ನನಗೆ ಯಾವುದಕ್ಕೂ ಕೊರತೆಯಿಲ್ಲ. ಸುಮಾ ತನ್ನ ಹೊತ್ತಿಗೆ ತಾನು ಓದು ಕಲಿತಳು, ರಾಮದುರ್ಗದಲ್ಲಿ ಸುಖವಾಗಿದ್ದಾಳೆ. ಮೊಣಕಾಲು ಇನ್ನೂ ಗುಡಿಯ ಮೆಟ್ಟಿಲು ಹತ್ತುತ್ತದೆ. ರಮಜಾನಿಗೆ ಮಾಬೂಬಿಯ ಮನೆಯಿಂದ ಸುರಕುಂಬಾ ಪಾಯಸ, ಯುಗಾದಿಗೆ ನಮ್ಮ ಮನೆಯಿಂದ ಹೋಳಿಗೆ — ಒಂದು ವರ್ಷವೂ ತಪ್ಪಿಲ್ಲ. ಪೂಜೆಗೆ ಕೂತು ಅಂಗೈಯ ಲಿಂಗದ ಮುಂದೆ ಇವನ್ನೆಲ್ಲ ನೆನೆಯುವಾಗ ಈ ಒಂದು ಮಾತು ಮಾತ್ರ ನಡುವೆ ಬರುತ್ತದೆ.

ಸವದತ್ತಿಗೆ ಮದುವೆಯಾಗಿ ಹೋದ ಶಮಶಾದ್ ಈ ವಾರ ತವರಿಗೆ ಬಂದಿದ್ದಾಳೆ. ಮಗನನ್ನು ಸಾಲೆಗೆ ಹಾಕಿದ್ದಾಳೆ; ತಾಯಂದಿರನ್ನು ಕರೆದ ದಿನ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಾಳಂತೆ. ನಿನ್ನೆ ನನ್ನ ಎದುರಿಗೇ ತಾಯಿಯನ್ನು ಚುಚ್ಚಿದಳು, "ನಾ ನಿನ್ನಂಗಲ್ಲ ಅಮ್ಮಿ. ನಿನಗ ನನ್ನ ಓದಿಗಿಂತ ಹತ್ತೀನs ಹೆಚ್ಚಾಗಿತ್ತು." ನಗುತ್ತಲೇ ಅಂದಳು. ಆದರೆ ಕಣ್ಣು ನಗಲಿಲ್ಲ.

ಮಾಬೂಬಿ ಸೆರಗಿನಿಂದ ಮುಖ ಒರೆಸಿಕೊಂಡು, "ಹೌದವಾ, ನನ್ನ ತಪ್ಪs ಐತಿ. ನನಗ ತಿಳೀಲಿಲ್ಲ," ಎಂದಳು. ನನ್ನ ಹೆಸರು ಹೇಳಲಿಲ್ಲ. ನಾನು ಆಡಿದ್ದನ್ನು ಮರೆತಿದ್ದಾಳೋ — ನೆನಪಿದ್ದೂ ನನ್ನ ಮುಖ ನೋಡಿ... ನನಗೆ ಗೊತ್ತಿಲ್ಲ.

ಶಮಶಾದ್ ಇವತ್ತು ಊರಲ್ಲೇ ಇದ್ದಾಳೆ. ಈ ಬರಹವನ್ನು ಇಲ್ಲಿಗೆ ಬಿಟ್ಟು ಏಳುತ್ತೇನೆ. ಆ ಮನೆಗೆ ಹೋಗಿ, ತಾಯಿಯ ಎದುರಿಗೇ ಮಗಳಿಗೆ ಹೇಳುತ್ತೇನೆ — "ನಿಮ್ಮಮ್ಮಿ ಅವತ್ತ ಕೆಲಸಾ ಬಿಟ್ಟು ಬರಾಕ ತಯಾರಿದ್ಲವಾ. ನಾನs ತಡದೆ."